‘ಡೀ ವಾಲ್’: ಜರ್ಮನ್ನರ ಚುನಾವಣೆ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನ್ ಕಲಿಯುವ ಕನ್ನಡಿಗರಿಗೆ ಶನಿವಾರ, ಭಾನುವಾರ ಪಾಠ ಹೇಳುತ್ತೇನೆ. ಬಿ1 (ಮಧ್ಯಮ) ಹಂತಕ್ಕೆ ಬಂದವರು ಸುದ್ದಿ ಓದಲು ಕೂತರೆ ಮೊದಲ ವಾರವೇ ಒಂದು ಪದ ಎದುರಾಗುತ್ತದೆ: ವಾಲ್. ಬರೆಯುವುದು ಡಬ್ಲ್ಯು, ಎ, ಎಚ್, ಎಲ್. ನಾಲ್ಕೇ ಅಕ್ಷರ, ಆದರೆ ಪ್ರಶ್ನೆಗಳು ನಾಲ್ಕಕ್ಕೆ ನಿಲ್ಲುವುದಿಲ್ಲ. ಪ್ರತಿ ಬ್ಯಾಚ್‌ನಲ್ಲೂ ಅವೇ ಬರುತ್ತವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಜರ್ಮನ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಉಚ್ಚಾರ ಹತ್ತಿರಕ್ಕೆ ಬರುತ್ತದೆ, ಅಷ್ಟೇ. ಪುಲ್ಲಿಂಗದ ಆರ್ಟಿಕಲ್ ‘ಡೇರ್’, ಸ್ತ್ರೀಲಿಂಗದ್ದು ‘ಡೀ’, ನಪುಂಸಕದ್ದು ‘ಡಾಸ್’. ಇಷ್ಟು ಗೊತ್ತಿದ್ದರೆ ಸಾಕು.

‘ವಾಲ್’ ಅಂದರೆ ಚುನಾವಣೆಯೋ, ಆಯ್ಕೆಯೋ?

ಎರಡೂ. ‘ಆಮ್ ಸೋನ್‌ಟಾಗ್ ಇಸ್ಟ್ ವಾಲ್’ ಅಂದರೆ ಭಾನುವಾರ ಚುನಾವಣೆ. ‘ಇಷ್ ಹಾಬೆ ಕೈನೆ ವಾಲ್’ ಅಂದರೆ ನನಗೆ ಬೇರೆ ದಾರಿಯೇ ಇಲ್ಲ. ಹೋಟೆಲಿನ ಮೆನುವಿನಲ್ಲಿ ‘ಬೈಲಾಗೆ ನಾಖ್ ವಾಲ್’ ಎಂದಿದ್ದರೆ ಜೊತೆಗೆ ನಂಚಿಕೊಳ್ಳಲು ಏನು ಬೇಕೋ ನೀವೇ ಆರಿಸಿಕೊಳ್ಳಿ ಎಂದು. ಅಲ್ಲಿ ಮತಪೆಟ್ಟಿಗೆ ಹುಡುಕಬೇಡಿ.

ಕನ್ನಡದಲ್ಲಿ ನಾವು ಇವನ್ನು ಬೇರೆ ಬೇರೆ ಇಟ್ಟಿದ್ದೇವೆ. ‘ಚುನಾವಣೆ’ ಎಂಬ ಪದದೊಳಗೂ ಆರಿಸು ಎಂಬ ಅರ್ಥದ ‘ಚುನ್’ ಕೂತಿದೆ. ಆದರೆ ಅದು ಹಿಂದಿ, ಮರಾಠಿ ಕಡೆಯಿಂದ ಬಂದದ್ದು. ನಮ್ಮ ಕಿವಿಗೆ ಕೇಳಿಸುವುದಿಲ್ಲ. ಸೀರೆ ಅಂಗಡಿಯಲ್ಲಿ ಕೂತು ಯಾರೂ ಚುನಾವಣೆ ಮಾಡುವುದಿಲ್ಲ ಅಲ್ವಾ? ಜರ್ಮನ್ನರ ಕಿವಿಗೆ ಮಾತ್ರ ಎರಡೂ ಅರ್ಥ ಒಟ್ಟಿಗೆ ಕೇಳುತ್ತವೆ. ಈ ಪದದ ರುಚಿ ಇರುವುದೇ ಅಲ್ಲಿ.

ಇನ್ನೊಂದು ಮಾತು. ‘ವಾಲ್’ ಪದಕ್ಕೂ ‘ಬೇಕು’ ಎಂಬ ಅರ್ಥದ ‘ವೊಲೆನ್’ ಕ್ರಿಯಾಪದಕ್ಕೂ ನೆಂಟಸ್ತನ ಇದೆ. ಆ ಹಳೆಯ ಇಂಡೋ-ಯುರೋಪಿಯನ್ ಬೇರಿನ ಸಂಸ್ಕೃತದ ಕೊಂಬೆಯಲ್ಲೇ ನಮ್ಮ ‘ವರ’, ‘ಸ್ವಯಂವರ’ ಇರುವುದು. ಹಾರ ಹಿಡಿದು ನಿಂತ ದ್ರೌಪದಿಯನ್ನು ಒಮ್ಮೆ ನೆನೆಸಿಕೊಂಡರೆ ‘ವಾಲ್’ ಅಂದರೆ ಏನೆಂದು ಮರೆಯುವುದಿಲ್ಲ. ಜರ್ಮನ್ ಡ್ಯಾನ್ಸ್ ಪಾರ್ಟಿಗಳಲ್ಲಿ ‘ಡಾಮೆನ್‌ವಾಲ್’ ಎಂದು ಕೂಗುತ್ತಾರೆ. ಈಗ ಹೆಂಗಸರು ಜೊತೆಗಾರನನ್ನು ಆರಿಸಿಕೊಳ್ಳಬಹುದು ಎಂದರ್ಥ. ಒಂದು ಹಾಡಿನ ಮಟ್ಟಿಗೆ ಸ್ವಯಂವರ.

ಉಚ್ಚಾರ ಹೇಗೆ? ಇಂಗ್ಲಿಷಿನ ಗೋಡೆ ಥರವೇ?

ಅಲ್ಲ. ಡಬ್ಲ್ಯು ಅಂದರೆ ನಮ್ಮ ‘ವ’. ಎಚ್ ಬಾಯಿಗೆ ಬರುವುದಿಲ್ಲ, ಹಿಂದಿನ ಸ್ವರ ಎಳೆಯಿರಿ ಎಂದು ಹೇಳಲು ಇದೆ. ನಮಗೆ ದೀರ್ಘ ಸ್ವರ ರೂಢಿ ಇರುವುದರಿಂದ ‘ವಾಲ್’ ಸುಲಭ. ಎಳೆಯದೆ ‘ವಲ್’ ಅಂದರೆ ಅದು ಬೇರೆ ಪದ, ಕೋಟೆಯ ಸುತ್ತಲಿನ ಮಣ್ಣಿನ ದಿಬ್ಬ. ಬರ್ಲಿನ್ ಗೋಡೆಗೆ ಇವೆರಡೂ ಅಲ್ಲ, ‘ಡೀ ಮೌವರ್’ ಎನ್ನುತ್ತಾರೆ.

ಲಿಂಗ ಯಾವುದು? ಯಾಕೆ?

ಸ್ತ್ರೀಲಿಂಗ. ಡೀ ವಾಲ್. ಯಾಕೆ ಅಂದರೆ, ಕಲಿಯುವವರ ಕೈಗೆ ಸಿಗುವಂಥ ಕಾರಣ ಇಲ್ಲ. ಹಳೆಯ ಜರ್ಮನ್‌ನಲ್ಲೂ ಸ್ತ್ರೀಲಿಂಗವೇ ಇತ್ತು, ಹಾಗೇ ಉಳಿದಿದೆ.

ಕನ್ನಡಿಗರಿಗೆ ಇದು ಕಷ್ಟ ಆಗುವುದಕ್ಕೆ ಮಾತ್ರ ಕಾರಣ ಇದೆ. ನಮ್ಮಲ್ಲಿ ಲಿಂಗ ಪದದ್ದಲ್ಲ, ಪದ ತೋರಿಸುವ ವಸ್ತುವಿನದ್ದು. ಗಂಡಸು ಬಂದ, ಹೆಂಗಸು ಬಂದಳು, ಉಳಿದದ್ದೆಲ್ಲ ಬಂತು. ಚುನಾವಣೆ ಬಂತು, ಸರ್ಕಾರ ಬಿತ್ತು, ಕುರ್ಚಿ ಮುರಿಯಿತು. ‘ಚುನಾವಣೆ ಬಂದಳು’ ಅಂದರೆ ಮಕ್ಕಳೂ ನಗುತ್ತಾರೆ. ಜರ್ಮನ್‌ನಲ್ಲಿ ಲಿಂಗ ಪದಕ್ಕೆ ಅಂಟಿಕೊಂಡಿರುತ್ತದೆ, ವಸ್ತುವನ್ನು ನೋಡಿ ಊಹಿಸಲು ಆಗುವುದಿಲ್ಲ. ಶಾಲೆಯಲ್ಲಿ ಹಿಂದಿ ಕಲಿಯುವಾಗ ‘ಕಾ’ ಹಾಕಬೇಕೋ ‘ಕೀ’ ಹಾಕಬೇಕೋ ಎಂದು ಒದ್ದಾಡಿದವರಿಗೆ ಈ ನೋವು ಹೊಸದಲ್ಲ. ಆದರೆ ಹಿಂದಿಯ ಲಿಂಗವನ್ನು ಇಲ್ಲಿಗೆ ತರಬೇಡಿ. ಅಲ್ಲಿ ‘ಚುನಾವ್’ ಪುಲ್ಲಿಂಗ.

ಆದ್ದರಿಂದ ನೋಟ್‌ಬುಕ್‌ನಲ್ಲಿ ‘ವಾಲ್’ ಎಂದು ಒಂಟಿಯಾಗಿ ಬರೆಯಬೇಡಿ. ‘ಡೀವಾಲ್’ ಎಂದು ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿ.

‘ಡೇರ್ ವಾಲ್’ ಅಂದುಬಿಟ್ಟರೆ ಏನಾಗುತ್ತದೆ?

ತಿಮಿಂಗಿಲ ಬರುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಎಚ್ ಇಲ್ಲದೆ ಡಬ್ಲ್ಯು, ಎ, ಎಲ್ ಎಂದು ಬರೆದರೆ ತಿಮಿಂಗಿಲ. ಅದು ಪುಲ್ಲಿಂಗ, ಡೇರ್ ವಾಲ್. ಉಚ್ಚಾರದಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಕಿವಿಗೆ ಗುರುತು ಹೇಳುವುದು ಆರ್ಟಿಕಲ್ ಒಂದೇ.

ನಾನು ಕಲಿಯುವಾಗ ತರಗತಿಯಲ್ಲಿ ಎದ್ದು ನಿಂತು, ತುಂಬಾ ಧೈರ್ಯದಿಂದ, ‘ಡೇರ್ ವಾಲ್ ಇಸ್ಟ್ ಆಮ್ ಸೋನ್‌ಟಾಗ್’ ಅಂದಿದ್ದೆ. ಭಾನುವಾರ ತಿಮಿಂಗಿಲ ಇದೆ ಎಂದಾಯಿತು. ನಮ್ಮ ಮೇಡಂ ನಗಲಿಲ್ಲ. ಬೋರ್ಡಿನ ಮೇಲೆ ಒಂದು ತಿಮಿಂಗಿಲ ಬರೆದು, ಅದರ ಬಾಯಿಗೆ ಒಂದು ಮತಪತ್ರ ಕೊಟ್ಟರು. ಅವತ್ತಿನಿಂದ ತಪ್ಪಿಲ್ಲ.

ಬಹುವಚನದಲ್ಲಿ ಪದಗಳೇ ಬೇರೆಯಾಗುತ್ತವೆ. ಚುನಾವಣೆಗಳು ‘ಡೀ ವಾಲೆನ್’, ತಿಮಿಂಗಿಲಗಳು ‘ಡೀ ವಾಲೆ’.

ಹಾಗಾದರೆ ಪತ್ರಿಕೆಯಲ್ಲಿ ‘ನಾಖ್ ಡೇರ್ ವಾಲ್’ ಅಂತ ಯಾಕೆ ಬರೆದಿರುತ್ತಾರೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ. ‘ಡೀ ಅಂತ ಹೇಳಿಕೊಟ್ಟಿರಿ, ಇಲ್ಲಿ ಡೇರ್ ಇದೆ’ ಎಂದು ಫೋನ್ ಹಿಡಿದು ತೋರಿಸುತ್ತಾರೆ. ಪತ್ರಿಕೆಯವರು ತಪ್ಪಿಲ್ಲ, ನಾನೂ ತಪ್ಪಿಲ್ಲ.

ನಮ್ಮಲ್ಲಿ ವಿಭಕ್ತಿ ಪದದ ಬಾಲಕ್ಕೆ ಅಂಟುತ್ತದೆ: ಚುನಾವಣೆಯನ್ನು, ಚುನಾವಣೆಗೆ, ಚುನಾವಣೆಯ. ಜರ್ಮನ್‌ನಲ್ಲಿ ಹೆಚ್ಚಾಗಿ ಅದು ತಲೆಯಲ್ಲಿ, ಅಂದರೆ ಆರ್ಟಿಕಲ್‌ನಲ್ಲಿ ಕಾಣುತ್ತದೆ. ಪ್ರಥಮಾ ಮತ್ತು ದ್ವಿತೀಯಾಗೆ ‘ಡೀ ವಾಲ್’. ಚತುರ್ಥಿ ಮತ್ತು ಷಷ್ಠಿಗೆ ಹೋಲುವ ಎರಡರಲ್ಲಿ ‘ಡೇರ್ ವಾಲ್’. ಸ್ತ್ರೀಲಿಂಗದ ಪದ ಅಲ್ಲಿ ‘ಡೇರ್’ ಟೊಪ್ಪಿಗೆ ಹಾಕಿಕೊಳ್ಳುತ್ತದೆ. ಲಿಂಗ ಬದಲಾಗಿಲ್ಲ, ಟೊಪ್ಪಿಗೆ ಮಾತ್ರ ಬದಲಾಗಿದೆ. ‘ನಾಖ್’ ಅಂದರೆ ನಂತರ, ‘ಫೋರ್’ ಅಂದರೆ ಮುಂಚೆ. ಚುನಾವಣೆಯ ನಂತರ, ಚುನಾವಣೆಗೆ ಮುಂಚೆ ಎನ್ನುವಾಗ ಎರಡರ ಮುಂದೆಯೂ ‘ಡೇರ್ ವಾಲ್’ ಬರುತ್ತದೆ. ‘ತ್ಸು’ ಜೊತೆ ‘ಡೇರ್’ ಸೇರಿದರೆ ‘ತ್ಸುರ್’. ‘ತ್ಸುರ್ ವಾಲ್ ಗೇಯೆನ್’ ಅಂದರೆ ಮತ ಹಾಕಲು ಹೋಗುವುದು.

ಇದಕ್ಕೆ ಒಳ್ಳೆಯ ಉದಾಹರಣೆ ಜರ್ಮನ್ ಸಂವಿಧಾನದಲ್ಲೇ ಇದೆ. 1949ರ ‘ಗ್ರುಂಡ್‌ಗೆಸೆಟ್ಸ್’ನ 38ನೇ ವಿಧಿ ಸಂಸದರನ್ನು ಹೇಗೆ ಆರಿಸಬೇಕು ಎಂದು ಹೇಳುತ್ತದೆ: ‘ಇನ್ ಆಲ್ಗೆಮೈನರ್, ಉನ್‌ಮಿಟೆಲ್‌ಬಾರರ್, ಫ್ರೈಯರ್, ಗ್ಲೈಷರ್ ಉಂಡ್ ಗೆಹೈಮರ್ ವಾಲ್’. ಎಲ್ಲರಿಗೂ ಹಕ್ಕಿರುವ, ನೇರವಾದ, ಒತ್ತಡವಿಲ್ಲದ, ಸಮಾನವಾದ, ಗುಟ್ಟಾದ ಚುನಾವಣೆಯಲ್ಲಿ. ಐದು ವಿಶೇಷಣ, ಐದರ ಕೊನೆಗೂ ‘ಅರ್’. ಆರ್ಟಿಕಲ್ ಇಲ್ಲದ ಕಡೆ ವಿಭಕ್ತಿಯ ಹೊರೆ ಹೀಗೆ ವಿಶೇಷಣದ ಮೇಲೆ ಬೀಳುತ್ತದೆ. ಈ ಒಂದು ಸಾಲನ್ನು ಬಾಯಿಪಾಠ ಮಾಡಿದರೆ ವ್ಯಾಕರಣವೂ ಬಂತು, ಪ್ರಜಾಪ್ರಭುತ್ವವೂ ಬಂತು.

‘ಆರಿಸು’ ಎಂಬ ಕ್ರಿಯಾಪದ ಯಾವುದು? ಹೇಗೆ ಬಳಸಬೇಕು?

‘ವೇಲೆನ್’. ‘ಎ’ ಮೇಲೆ ಎರಡು ಚುಕ್ಕೆ ಬಂದು ಉಚ್ಚಾರ ‘ವೇ’ ಆಗುತ್ತದೆ. ‘ಇಷ್ ವೇಲೆ’ ನಾನು ಆರಿಸುತ್ತೇನೆ, ‘ಇಷ್ ಹಾಬೆ ಗೆವೇಲ್ಟ್’ ನಾನು ಮತ ಹಾಕಿದೆ. ಫೋನ್ ನಂಬರ್ ಒತ್ತುವುದಕ್ಕೂ ಇದೇ ಪದ, ‘ಐನೆ ನುಮರ್ ವೇಲೆನ್’.

ಎಡವುವುದು ಎಲ್ಲಿ ಅಂದರೆ ‘ಒಬ್ಬರನ್ನು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆಗಿ ಆರಿಸುವುದು’ ಎನ್ನುವಾಗ. ನಮ್ಮ ‘ಆಗಿ’ಯನ್ನು ನೆನೆದು ಎಲ್ಲರೂ ‘ಆಲ್ಸ್’ ಹಾಕುತ್ತಾರೆ. ಹಾಕಬಾರದು, ಇಲ್ಲಿ ‘ತ್ಸುಮ್’ ಬೇಕು. 2025ರ ಮೇ 6ರಂದು ಪತ್ರಿಕೆಗಳಲ್ಲಿ ಬಂದ ಸುದ್ದಿಯ ಸಾರವನ್ನೇ ಉದಾಹರಣೆಗೆ ಕೊಡುತ್ತೇನೆ: ‘ಮೆರ್ತ್ಸ್ ವುರ್ಡೆ ಇಮ್ ತ್ಸ್ವೈಟೆನ್ ವಾಲ್‌ಗಾಂಗ್ ತ್ಸುಮ್ ಬುಂಡೆಸ್‌ಕಾನ್ತ್ಸ್‌ಲರ್ ಗೆವೇಲ್ಟ್’. ಎರಡನೇ ಸುತ್ತಿನಲ್ಲಿ ಮೆರ್ತ್ಸ್ ಚಾನ್ಸಲರ್ ಆಗಿ ಆಯ್ಕೆಯಾದರು.

ಅವತ್ತಿನ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ‘ವಾಲ್‌ಗಾಂಗ್’ ಎಂಬ ಪದ ಅವತ್ತು ಎಲ್ಲರ ಬಾಯಲ್ಲಿತ್ತು. ಮತದಾನದ ಒಂದು ಸುತ್ತಿಗೆ ಹಾಗೆನ್ನುತ್ತಾರೆ. ಜರ್ಮನಿಯಲ್ಲಿ ಚಾನ್ಸಲರ್‌ರನ್ನು ಜನ ನೇರವಾಗಿ ಆರಿಸುವುದಿಲ್ಲ, ಬುಂಡೆಸ್‌ಟಾಗ್ ಎಂಬ ಸಂಸತ್ತು ಗುಟ್ಟು ಮತದಾನದಲ್ಲಿ ಆರಿಸುತ್ತದೆ. ಒಟ್ಟು 630 ಸದಸ್ಯರು, ಬೇಕಾದದ್ದು 316 ಮತ. ಮೊದಲ ಸುತ್ತಿನಲ್ಲಿ ಫ್ರೀಡ್‌ರಿಷ್ ಮೆರ್ತ್ಸ್‌ಗೆ ಬಿದ್ದದ್ದು 310. ಮಾತಾಡಿಕೊಂಡ ಮೈತ್ರಿಕೂಟದವರೇ ಕೆಲವರು ಕೈಕೊಟ್ಟಿದ್ದರು. ಯಾರು ಅಂತ ಹೇಳಲು ಬರುವುದಿಲ್ಲ, ಗುಟ್ಟು ಮತ ಅಲ್ವಾ. ಈ ಗಣರಾಜ್ಯದಲ್ಲಿ ಚಾನ್ಸಲರ್ ಅಭ್ಯರ್ಥಿ ಮೊದಲ ಸುತ್ತಿನಲ್ಲಿ ಸೋತದ್ದು ಅದೇ ಮೊದಲು. ಅದೇ ದಿನ ಮಧ್ಯಾಹ್ನ ಎರಡನೇ ಸುತ್ತಿನಲ್ಲಿ 325 ಮತ ಬಂದವು. 1949ರಲ್ಲಿ ಮೊದಲ ಚಾನ್ಸಲರ್ ಕೋನ್‌ರಾಡ್ ಆಡೆನೌವರ್ ಬೇಕಿದ್ದ 202 ಮತಗಳನ್ನು ಸರಿಯಾಗಿ ಅಷ್ಟೇ ಪಡೆದು ಗೆದ್ದಿದ್ದರು. ಒಂದು ಮತ ಕಡಿಮೆ ಬಿದ್ದಿದ್ದರೆ ಆ ದಾಖಲೆ ಅವರದ್ದಾಗುತ್ತಿತ್ತು.

ಗೆದ್ದವರನ್ನು ಸಂಸತ್ತಿನ ಅಧ್ಯಕ್ಷರು ಕೇಳುತ್ತಾರೆ: ‘ನೇಮೆನ್ ಜೀ ಡೀ ವಾಲ್ ಆನ್?’ ನಿಮ್ಮ ಈ ಆಯ್ಕೆಯನ್ನು ಒಪ್ಪುತ್ತೀರಾ? ‘ಆನ್‌ನೇಮೆನ್’ ಅಂದರೆ ಒಪ್ಪಿಕೊಳ್ಳುವುದು, ಅದು ಎರಡು ತುಂಡಾಗಿ ‘ಆನ್’ ಕೊನೆಗೆ ಹೋಗಿದೆ. ನಿಮ್ಮ ಸಂಘದ ಖಜಾಂಚಿಯನ್ನು ಆರಿಸಿದರೂ ಇದೇ ಪ್ರಶ್ನೆ ಕೇಳುತ್ತಾರೆ.

ವಾಲ್, ಆಪ್‌ಷ್ಟಿಮುಂಗ್, ಷ್ಟಿಮೆ: ಮೂರೂ ‘ಮತ’ವೇ ಅಲ್ವಾ?

ಅಲ್ಲ. ಕನ್ನಡದ ‘ಮತದಾನ’ ಎಲ್ಲಕ್ಕೂ ಒದಗುತ್ತದೆ, ಅದಕ್ಕೇ ಗೊಂದಲ. ವ್ಯಕ್ತಿಯನ್ನೋ ಪಕ್ಷವನ್ನೋ ಆರಿಸಿದರೆ ‘ವಾಲ್’. ಒಂದು ವಿಷಯಕ್ಕೆ ಹೌದು, ಬೇಡ ಎಂದು ತೀರ್ಮಾನಿಸಿದರೆ ‘ಡೀ ಆಪ್‌ಷ್ಟಿಮುಂಗ್’. ಸಂಸತ್ತು ಮಸೂದೆಗೆ ಮತ ಹಾಕಿದರೆ ಅದು ವಾಲ್ ಅಲ್ಲ. ಸಂವಿಧಾನದ 20ನೇ ವಿಧಿ ‘ವಾಲೆನ್ ಉಂಡ್ ಆಪ್‌ಷ್ಟಿಮುಂಗೆನ್’ ಎಂದು ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ.

‘ಡೀ ಷ್ಟಿಮೆ’ ನೀವು ಹಾಕುವ ಆ ಒಂದು ಮತ. ಅದರ ಮೊದಲ ಅರ್ಥ ದನಿ, ಕಂಠ. ಬುಂಡೆಸ್‌ಟಾಗ್ ಚುನಾವಣೆಯಲ್ಲಿ ಒಬ್ಬರಿಗೆ ಎರಡು ದನಿ. ‘ಎರ್ಸ್ಟ್‌ಷ್ಟಿಮೆ’ ಕ್ಷೇತ್ರದ ಅಭ್ಯರ್ಥಿಗೆ, ‘ತ್ಸ್ವೈಟ್‌ಷ್ಟಿಮೆ’ ಪಕ್ಷಕ್ಕೆ. ಎರಡನೆಯದು ಅಂದರೆ ಕಡಿಮೆ ಬೆಲೆಯದು ಎಂದುಕೊಳ್ಳಬೇಡಿ. ಸಂಸತ್ತಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಸೀಟು ಎಂದು ನಿರ್ಧರಿಸುವುದು ಅದೇ.

ಉದ್ದುದ್ದ ಜೋಡುಪದಗಳ ಲಿಂಗ ತಿಳಿಯುವುದು ಹೇಗೆ?

ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದ್ದರೆ ಕೆಲಸ ಮುಗಿಯಿತು. ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನ ಎಂದು ಓದಿದ್ದೇವೆ. ಜರ್ಮನ್‌ನಲ್ಲೂ ಕೊನೆಯ ಪದವೇ ಯಜಮಾನ, ಲಿಂಗ ಅದರದ್ದೇ.

‘ರೆಷ್ಟ್’ (ಹಕ್ಕು) ನಪುಂಸಕ, ಆದ್ದರಿಂದ ‘ಡಾಸ್ ವಾಲ್‌ರೆಷ್ಟ್’, ಮತದಾನದ ಹಕ್ಕು. ‘ಡಾಸ್ ಫ್ರೌವೆನ್‌ವಾಲ್‌ರೆಷ್ಟ್’ ಅಂದರೆ ಹೆಂಗಸರ ಮತದ ಹಕ್ಕು. 1918ರ ನವೆಂಬರ್‌ನಲ್ಲಿ ಸಿಕ್ಕಿತು, 1919ರ ಜನವರಿ 19ರಂದು ದೇಶಮಟ್ಟದಲ್ಲಿ ಮೊದಲ ಸಲ ಹಾಕಿದರು. ‘ಕ್ರೈಸ್’ (ವೃತ್ತ) ಪುಲ್ಲಿಂಗ, ಆದ್ದರಿಂದ ‘ಡೇರ್ ವಾಲ್‌ಕ್ರೈಸ್’, ಕ್ಷೇತ್ರ. ಇಂಥವು 299 ಇವೆ. ‘ಬೆಟೈಲಿಗುಂಗ್’ (ಪಾಲ್ಗೊಳ್ಳುವಿಕೆ) ಸ್ತ್ರೀಲಿಂಗ, ಆದ್ದರಿಂದ ‘ಡೀ ವಾಲ್‌ಬೆಟೈಲಿಗುಂಗ್’, ಶೇಕಡಾ ಎಷ್ಟು ಮತದಾನ ಆಯಿತು ಎಂಬ ಲೆಕ್ಕ. 2025ರ ಫೆಬ್ರವರಿ 23ರ ಚುನಾವಣೆಯಲ್ಲಿ ಅದು ಶೇಕಡಾ 82.5.

‘ವಾಲ್’ ಪದವೇ ಕೊನೆಗೆ ಬಂದರೆ ಎಲ್ಲವೂ ಡೀ. ಡೀ ಬುಂಡೆಸ್‌ಟಾಗ್ಸ್‌ವಾಲ್, ಅಂಚೆಯಲ್ಲಿ ಮತ ಹಾಕುವ ಡೀ ಬ್ರೀಫ್‌ವಾಲ್.

ನನಗೆ ಇಷ್ಟವಾದದ್ದು ‘ಡೇರ್ ವಾಲ್‌ಕಾಂಪ್ಫ್’, ಚುನಾವಣಾ ಪ್ರಚಾರ. ‘ಕಾಂಪ್ಫ್’ ಅಂದರೆ ಕಾದಾಟ. ನಮ್ಮ ಪತ್ರಿಕೆಗಳೂ ಕಮ್ಮಿ ಇಲ್ಲ. ಚುನಾವಣಾ ಕಣ, ಅಖಾಡ, ಹುರಿಯಾಳು ಅಂತ ಕುಸ್ತಿಯ ಮಣ್ಣಿಗೇ ಇಳಿದುಬಿಡುತ್ತೇವೆ. ಈ ವಿಷಯದಲ್ಲಿ ಎರಡೂ ಭಾಷೆಗಳ ಮನಸ್ಸು ಒಂದೇ.

ರಾಜಕೀಯದ ಬೇರೆ ಪದಗಳ ಲಿಂಗಕ್ಕೆ ಏನಾದರೂ ಸುಲಭ ದಾರಿ?

ಕೊನೆಗೆ ‘ಉಂಗ್’, ‘ಹೈಟ್’, ‘ಕೈಟ್’, ‘ಷಾಫ್ಟ್’, ‘ತ್ಸಿಯೋನ್’ ಬಂದರೆ ಕಣ್ಣು ಮುಚ್ಚಿ ಡೀ ಹಾಕಿ. ಡೀ ರೆಗೀರುಂಗ್ (ಸರ್ಕಾರ), ಡೀ ಫ್ರೈಹೈಟ್ (ಸ್ವಾತಂತ್ರ್ಯ), ಡೀ ಒಪೊಸಿತ್ಸಿಯೋನ್. ‘ಡೀ ಪಾರ್ಟೈ’ ಸ್ತ್ರೀಲಿಂಗ, ‘ಡಾಸ್ ಪಾರ್ಲಮೆಂಟ್’ ನಪುಂಸಕ, ‘ಡೇರ್ ಷ್ಟಾಟ್’ (ರಾಜ್ಯ, ಪ್ರಭುತ್ವ) ಪುಲ್ಲಿಂಗ.

ಪಕ್ಷಗಳ ಹೆಸರಿಗೆ ‘ಡೀ’ ರೂಢಿ: ಡೀ ಎಸ್‌ಪೇಡೇ, ಡೀ ತ್ಸೇಡೇಊ. ಆದರೆ 2024ರಲ್ಲಿ ಹುಟ್ಟಿದ ಬೇಎಸ್‌ವೇ ಪಕ್ಷಕ್ಕೆ ‘ಡಾಸ್’ ಬರುತ್ತದೆ. ಅದರ ಮೊದಲ ಪದ ‘ಬ್ಯುಂಡ್ನಿಸ್’ (ಒಕ್ಕೂಟ) ನಪುಂಸಕ, ಅದಕ್ಕೆ.

ಮನುಷ್ಯರನ್ನು ಹೇಳುವ ಪದಗಳಲ್ಲಿ ನಮಗೆ ನಿರಾಳ. ಗಂಡಸು ‘ಡೇರ್ ವೇಲರ್’, ಹೆಂಗಸು ‘ಡೀ ವೇಲರಿನ್’, ಮತದಾರ, ಮತದಾರಳು. ಅಂಗೆಲಾ ಮೆರ್ಕೆಲ್ ಚಾನ್ಸಲರ್ ಆದ 2005ರಲ್ಲಿ ‘ಬುಂಡೆಸ್‌ಕಾನ್ತ್ಸ್‌ಲರಿನ್’ ಎಂಬ ಸ್ತ್ರೀಲಿಂಗ ರೂಪವೇ ಆ ವರ್ಷದ ಪದವಾಗಿ ಆಯ್ಕೆಯಾಯಿತು. ಅಲ್ಲಿಯವರೆಗೆ ಅದಕ್ಕೆ ಕೆಲಸವೇ ಇರಲಿಲ್ಲ.

ಆಯ್ಕೆಯೇ ಇಲ್ಲದ ಚುನಾವಣೆಗೂ ‘ವಾಲ್’ ಅನ್ನುತ್ತಿದ್ದರಾ?

ಪೂರ್ವ ಜರ್ಮನಿಯಲ್ಲಿ ಸರ್ಕಾರ ಹಾಗೇ ಕರೆಯುತ್ತಿತ್ತು. ಜನ ಬೇರೆ ಪದ ಹುಡುಕಿಕೊಂಡಿದ್ದರು. ಅಲ್ಲಿ ‘ನಾತ್ಸಿಯೋನಾಲೆ ಫ್ರೊಂಟ್’ ಎಂಬ ಅಭ್ಯರ್ಥಿಗಳ ಒಂದೇ ಪಟ್ಟಿ. ಒಪ್ಪಿಗೆ ಇದ್ದರೆ ಏನೂ ಗುರುತು ಹಾಕಬೇಕಿಲ್ಲ, ಕಾಗದ ಮಡಚಿ ಪೆಟ್ಟಿಗೆಗೆ ಹಾಕಿದರೆ ಆಯಿತು. ಗುಟ್ಟಾಗಿ ಗುರುತು ಹಾಕಲು ಇಟ್ಟ ಮರೆಯ ಕಡೆ ಹೋದವರ ಮೇಲೆ ಅನುಮಾನದ ಕಣ್ಣು. ಅದಕ್ಕೇ ಜನ ‘ವೇಲೆನ್ ಗೇಯೆನ್’ ಅನ್ನುವ ಬದಲು ‘ಫಾಲ್ಟೆನ್ ಗೇಯೆನ್’ ಎನ್ನುತ್ತಿದ್ದರು. ಮಡಚಲು ಹೋಗುತ್ತಿದ್ದೇನೆ ಎಂದು. ಆಯ್ಕೆ ಎಂಬ ಅರ್ಥ ಪದದೊಳಗೆ ಜೀವಂತ ಇದ್ದದ್ದರಿಂದ, ಆಯ್ಕೆ ಇಲ್ಲದ ಕಡೆ ಆ ಪದ ಅವರ ಬಾಯಿಗೆ ಬರಲಿಲ್ಲ.

1989ರ ಮೇ 7ರ ಸ್ಥಳೀಯ ಚುನಾವಣೆಯಲ್ಲಿ ಕೆಲವರು ಮತಗಟ್ಟೆಗಳಲ್ಲಿ ನಿಂತು ಎಣಿಕೆ ನೋಡಿದರು. ಸರ್ಕಾರ ಶೇಕಡಾ 98.85 ಒಪ್ಪಿಗೆ ಎಂದು ಘೋಷಿಸಿತು. ಇವರು ಬರೆದುಕೊಂಡಿದ್ದ ‘ಬೇಡ’ ಮತಗಳು ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದವು. ‘ವಾಲ್‌ಬೆಟ್ರೂಗ್’, ಚುನಾವಣಾ ಮೋಸ, ಎಂಬ ಪದ ಬೀದಿಗೆ ಬಂತು. ಮರುವರ್ಷ ಮಾರ್ಚ್ 18ರಂದು ಅಲ್ಲಿ ಮೊದಲ ಮುಕ್ತ ಚುನಾವಣೆ ನಡೆದಾಗ ಶೇಕಡಾ 93.4 ಜನ ಮತ ಹಾಕಿದರು. ಅದು ‘ಫ್ರೈಯೆ ವಾಲ್’.

‘ಉರ್ನೆ’ ಅಂದರೆ ಚಿತಾಭಸ್ಮದ ಕುಡಿಕೆ ಅಲ್ವಾ? ಚುನಾವಣೆ ಸುದ್ದಿಯಲ್ಲಿ ಯಾಕೆ?

ಎರಡಕ್ಕೂ ಅದೇ ಪದ. ‘ಡೀ ವಾಲ್‌ಉರ್ನೆ’ ಮತಪೆಟ್ಟಿಗೆ. ಪತ್ರಿಕೆಗಳು ಚುನಾವಣೆಗೆ ‘ಡೇರ್ ಉರ್ನೆನ್‌ಗಾಂಗ್’ ಎಂದೂ ಬರೆಯುತ್ತವೆ, ಪೆಟ್ಟಿಗೆಯ ಕಡೆ ನಡೆಯುವುದು ಎಂದು. ಗಾಬರಿ ಬೇಡ.

ಪೆಟ್ಟಿಗೆ ಇನ್ನೂ ಬಳಕೆಯಲ್ಲಿದೆ. ಕೆಲವು ಕಡೆ ಮತಯಂತ್ರ ಬಳಸಿದ್ದರು, ಆದರೆ 2005ರ ಚುನಾವಣೆಯಲ್ಲಿ ಬಳಸಿದ ಯಂತ್ರಗಳು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು 2009ರ ಮಾರ್ಚ್ 3ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿತು. ಎಣಿಕೆಯನ್ನು ಸಾಮಾನ್ಯ ಮನುಷ್ಯ ತಾನೇ ನೋಡಿ ಪರೀಕ್ಷಿಸುವಂತಿರಬೇಕು ಎಂಬುದು ವಾದ. ಬೆಂಗಳೂರಿನ ಬಿಇಎಲ್‌ನಲ್ಲಿ ಮತಯಂತ್ರ, ಮೈಸೂರಿನಲ್ಲಿ ಬೆರಳಿನ ಶಾಯಿ ತಯಾರಾಗುವುದನ್ನು ಕೇಳಿ ಬೆಳೆದ ನಮಗೆ ಇದು ವಿಚಿತ್ರ. ಅಲ್ಲಿ ಶಾಯಿಯೂ ಇಲ್ಲ. ಕಾಗದದ ಮೇಲೆ ಕತ್ತರಿ ಗುರುತು ಹಾಕುತ್ತಾರೆ. ‘ಡಾಸ್ ಕ್ರೊಯ್ತ್ಸ್ ಮಾಖೆನ್’ ಅಂದರೆ ಮತ ಹಾಕುವುದು. ನಾವು ‘ಬಟನ್ ಒತ್ತಿ ಬಂದೆ’ ಅನ್ನುವ ಹಾಗೆ.

ನಾನು ಬ್ಲೂ ಕಾರ್ಡ್ (ಕೆಲಸದ ಪರವಾನಗಿ) ಮೇಲೆ ಜರ್ಮನಿಯಲ್ಲಿದ್ದೇನೆ. ‘ಇಷ್ ವೇಲೆ’ ಎಂದು ಹೇಳುವ ಸಂದರ್ಭ ನನಗೆ ಬರುತ್ತದಾ?

ಬುಂಡೆಸ್‌ಟಾಗ್ ಚುನಾವಣೆಯಲ್ಲಿ ಬರುವುದಿಲ್ಲ. ಅಲ್ಲಿ ಜರ್ಮನ್ ಪೌರರಿಗೆ ಮಾತ್ರ ಮತ. ಊರಿನ ಚುನಾವಣೆಯಲ್ಲಿ ಯುರೋಪಿಯನ್ ಒಕ್ಕೂಟದ ಪೌರರು ಹಾಕಬಹುದು, ಭಾರತದ ಪಾಸ್‌ಪೋರ್ಟ್‌ನವರು ಹಾಕುವಂತಿಲ್ಲ.

ಆದರೆ ಆಫೀಸಿನಲ್ಲಿ ಬರುತ್ತದೆ. ‘ಡೇರ್ ಬೆಟ್ರೀಪ್ಸ್‌ರಾಟ್’ ಅಂದರೆ ನೌಕರರ ಪರವಾಗಿ ಕಂಪನಿಯ ಜೊತೆ ಮಾತಾಡುವ ಸಮಿತಿ. ಸಮಿತಿ ಇರುವ ಕಡೆ ನಾಲ್ಕು ವರ್ಷಕ್ಕೊಮ್ಮೆ, ಮಾರ್ಚ್‌ನಿಂದ ಮೇ ಒಳಗೆ, ‘ಡೀ ಬೆಟ್ರೀಪ್ಸ್‌ರಾಟ್ಸ್‌ವಾಲ್’ ನಡೆಯುತ್ತದೆ. 2022 ಮತ್ತು 2026 ಅದರ ವರ್ಷಗಳು. ಅಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಯಾರೂ ಕೇಳುವುದಿಲ್ಲ. ತೀರಾ ಮೇಲಿನ ಮ್ಯಾನೇಜರ್‌ಗಳನ್ನು ಬಿಟ್ಟು, 16 ತುಂಬಿದ ನೌಕರರಿಗೆಲ್ಲ ಮತ ಇದೆ. ಎಷ್ಟೋ ಕನ್ನಡಿಗರು ಆ ಇಮೇಲ್ ಓದದೆ ಡಿಲೀಟ್ ಮಾಡುತ್ತಾರೆ. ಸುಮ್ನೆ ಒಂದು ಸಲ ಓದಿ ನೋಡಿ.

ಮಗು ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದರೆ ಪೋಷಕರ ಸಭೆಯಲ್ಲಿ ‘ವಾಲ್ ಡೆಸ್ ಎಲ್ಟರ್ನ್‌ಬೈರಾಟ್ಸ್’ ಇರುತ್ತದೆ, ಪೋಷಕರ ಪ್ರತಿನಿಧಿಗಳ ಆಯ್ಕೆ. ಯಾರೂ ಕೈ ಎತ್ತದೆ ಎಲ್ಲರೂ ನೆಲ ನೋಡುವ ಆ ಐದು ನಿಮಿಷ ನಮ್ಮ ಅಪಾರ್ಟ್‌ಮೆಂಟ್ ಸಭೆಯ ಹಾಗೇ ಇರುತ್ತದೆ. ನಿಲ್ಲುವ ಮನಸ್ಸಿದ್ದರೆ ‘ಇಷ್ ಷ್ಟೆಲೆ ಮಿಷ್ ತ್ಸುರ್ ವಾಲ್’ ಅನ್ನಿ.

ಪಿಂಗಾಣಿ ಅಂಗಡಿಯಲ್ಲಿ ‘ತ್ಸ್ವೈಟೆ ವಾಲ್’ ಎಂಬ ಬೋರ್ಡ್ ನೋಡಿದೆ. ಎರಡನೇ ಚುನಾವಣೆಯಾ?

ಅಲ್ಲ. ಸಣ್ಣ ಕುಂದು ಇರುವ ಮಾಲು, ನಾವು ಸೆಕೆಂಡ್ಸ್ ಅನ್ನುತ್ತೇವಲ್ಲ, ಅದು. ಬೆಲೆ ಕಡಿಮೆ ಇರುತ್ತದೆ. ತಟ್ಟೆ ತಿರುಗಿಸಿ ಅಡಿ ನೋಡಿ ತೆಗೆದುಕೊಳ್ಳಿ.